ಟಿ.ವಿ. ಹುಡುಗಿಯ ಎಡೆ

ಬಸ್ತಿಹಳ್ಳಿಯ ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಆದರೂ ಯಾರೂ ಜಾಗ ಬದಲಿಸುತ್ತಿರಲಿಲ್ಲ. ತಾತ ಜಗಲಿಯ ಮೇಲೆ, ನಡುಮನೆಯ ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಬಸದಿ ನೋಡಲು ಬಂದವರು ದಾರಿ ಕೇಳಿದರೆ ಬಾಯಿ ಬಿಡದೆ ಕೋಲೆತ್ತಿ ತೋರಿಸುತ್ತಿದ್ದರು. ಅಪ್ಪನಿಗೆ ನಡುಮನೆಯ ಕಂಬ. ಅಮ್ಮ ಅಡುಗೆಮನೆಯ ಹೊಸ್ತಿಲ ಒಳಗೆ, ಕರೆದರೆ ತಟ್ಟನೆ ಏಳುವ ಹಾಗೆ. ಅಜ್ಜಿ ರಾಗಿ ತುಂಬುವ ಪಣತದ ಬುಡದಲ್ಲಿ ಕಾಲು ನೀಡಿಕೊಂಡು, ಮಡಿಲಲ್ಲಿ ಮೊರ ಇಟ್ಟುಕೊಂಡು ಏನಾದರೂ ಆರಿಸುತ್ತಿರುತ್ತಿದ್ದಳು. ನನಗೆ ಮಾತ್ರ ಜಾಗವೆಂಬುದು ಇರಲಿಲ್ಲ; ಎಲ್ಲಿ ಕೂತರೂ ಯಾರಿಗಾದರೂ ಅಡ್ಡವಾಗುತ್ತಿದ್ದೆ. ಅಪ್ಪ ಬೇಲೂರಿನಿಂದ ಆಟೋದಲ್ಲಿ, ಹೊಸ ಸೊಸೆಯನ್ನು ಕರೆತರುವವರಂತೆ ಪಕ್ಕದಲ್ಲಿ ಕೂರಿಸಿಕೊಂಡು ಟಿ.ವಿ. ತಂದಾಗ ಈ ಏರ್ಪಾಡು ಕೆಟ್ಟಿತು. ತಾತ ಅದರ ಸುತ್ತ ಒಂದು ಸುತ್ತು ಬಂದರು.

"ಇದಕ್ಕೆ ಮೇವು ಏನು ಹಾಕ್ತೀಯಲಾ?"

"ಕರೆಂಟು, ಅಪ್ಪಯ್ಯ."

"ನಮ್ಮೂರಲ್ಲಿ ಅದಕ್ಕೇ ಬರ. ಉಪವಾಸ ಸಾಯ್ತದೆ ಬಿಡು."

ಟಿ.ವಿ.ಗೆ ಸಿಕ್ಕಿದ್ದು ಪಣತದ ಬುಡವೇ. ಅಜ್ಜಿ ಗೊಣಗಿಕೊಂಡು ಎದ್ದು ಎದುರಿನ ಗೋಡೆಗೆ ಬಂದು ಕೂತಳು. ಈ ಪೆಟ್ಟಿಗೆ ಮನೆಗೆ ಬೇಡವೇ ಬೇಡ ಎಂದಿದ್ದವಳು ಹೀಗೆ ಅದಕ್ಕೆ ನೇರ ಎದುರಾಗಿ ಕೂರುವಂತಾಯಿತು. ನಮ್ಮ ಮನೆಯಲ್ಲಿ ಆಮೇಲೆ ಆದದ್ದೆಲ್ಲ ಆ ಒಂದು ಜಾಗ ಬದಲಾದದ್ದರಿಂದಲೇ ಆಯಿತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಊಟದಲ್ಲಿ ಬಹಳ ನಿಧಾನ. ಎಲ್ಲರೂ ಕೈ ತೊಳೆದು ಎದ್ದರೂ ನನ್ನ ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇರುತ್ತಿತ್ತು. ಅಜ್ಜಿ ನನ್ನ ಎದುರು ಕೂತು ಕಾಯುತ್ತ, "ಥೇಟು ಅವಳಂಗೇ..." ಎಂದು ಶುರುಮಾಡಿ, ಜಗಲಿಯ ಕಡೆ ಒಮ್ಮೆ ನೋಡಿ, ಮಾತನ್ನು ಅಲ್ಲೇ ನುಂಗುತ್ತಿದ್ದಳು. ಅವಳು ಎಂದರೆ ನನ್ನ ಸೋದರತ್ತೆ ಸರೋಜ. ಆ ಹೆಸರನ್ನು ನಮ್ಮ ಮನೆಯೊಳಗೆ ಯಾರೂ ಎತ್ತುವಂತಿರಲಿಲ್ಲ. ನಾನು ಅದನ್ನು ಕೇಳಿದ್ದು, ಉಳಿದ ಕತೆಯನ್ನೂ ಕೇಳಿದ್ದು, ನೆರೆಮನೆಯ ಗಂಗಮ್ಮನ ಬಾಯಲ್ಲಿ. ಅಮ್ಮ ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಸರೋಜತ್ತೆ ಹೊಲಿಗೆ ಕಲಿಯಲೆಂದು ಅರಸೀಕೆರೆಯ ನೆಂಟರ ಮನೆಗೆ ಹೋಗಿದ್ದಳು. ಅಲ್ಲೇ ಒಬ್ಬನನ್ನು ಮದುವೆಯಾದಳು. ಹುಡುಗ ಒಳ್ಳೆಯವನೇ, ಜಾತಿ ಬೇರೆ. ಸುದ್ದಿ ಬಂದ ದಿನ ತಾತ ಕೂಗಾಡಲಿಲ್ಲವಂತೆ. ಟವೆಲನ್ನು ಹೆಗಲಿಗೆ ಹಾಕಿ ಕೆರೆಗೆ ಹೋಗಿ, ಹೆಣ ಹೂತು ಬಂದವರು ಮುಳುಗುವ ಹಾಗೆ ತಲೆ ಮುಳುಗಿಸಿ ಎದ್ದು, ಒದ್ದೆ ಪಂಚೆಯಲ್ಲೇ ಬೀದಿಯ ನಡುವೆ ನಡೆದು ಬಂದರಂತೆ. ಈ ಮನೆಯ ಮಗಳು ಸತ್ತಳೆಂದು ಊರಿಗೆಲ್ಲ ತಿಳಿಯಲು ಅಷ್ಟೇ ಸಾಕಾಯಿತು. ಅಪ್ಪನೂ ಹೆದರಿಕೊಂಡು ತಲೆಗೆ ನೀರು ಹಾಕಿಕೊಂಡರು. ಅಜ್ಜಿ ಹಾಕಿಕೊಳ್ಳಲಿಲ್ಲ.

"ಉಸಿರಾಡೋ ಮಗಳಿಗೆ ನಾನು ತಲೆಗೆ ನೀರು ಹುಯ್ಕೊಳ್ಳಲ್ಲ. ಬೇಕಾದ್ರೆ ನನ್ನೂ ಹೂತುಬಿಡಿ."

ತಾತ ಬಹಳ ದಿನ ಅವಳ ಕೈಯ ಅನ್ನ ಮುಟ್ಟಲಿಲ್ಲ. ಹಿತ್ತಿಲಲ್ಲಿ ತಾವೇ ಮೂರು ಕಲ್ಲು ಹೂಡಿ, ಮುದ್ದೆಯನ್ನು ಗಂಟುಗಂಟಾಗಿ ತಿರುವಿಕೊಂಡು ತಿಂದರು. ಹೇಳುವಾಗ ಗಂಗಮ್ಮ ನಗುತ್ತಿದ್ದಳು. ನಾನೂ ನಕ್ಕಿದ್ದೆ.

ಅಪ್ಪ ಆಗಾಗ ಕೊಬ್ಬರಿ ತುಂಬಿಕೊಂಡು ಅರಸೀಕೆರೆಯ ಮಂಡಿಗೆ ಹೋಗುತ್ತಿದ್ದರು. ಅವರು ವಾಪಸು ಬಂದ ಕೂಡಲೇ ಅಜ್ಜಿ ಕಾಲು ತೊಳೆಯಲು ನೀರು ಕೊಡುತ್ತ ಕೇಳುತ್ತಿದ್ದದ್ದು ಒಂದೇ: "ಆ ಕಡೆ ಮಳೆ ಹೆಂಗೈತಪ್ಪ?" ಅಪ್ಪ ತಲೆಯೆತ್ತದೆ, "ಚೆನ್ನಾಗೈತೆ ಕಣವ್ವ" ಅನ್ನುತ್ತಿದ್ದರು. ಅಜ್ಜಿಯ ಮುಖ ಆ ದಿನವೆಲ್ಲ ಅರಳಿರುತ್ತಿತ್ತು. ಅರಸೀಕೆರೆಯಂಥ ಒಣ ಸೀಮೆಯಲ್ಲಿ ವರ್ಷವೆಲ್ಲ ಮಳೆ ಹೇಗೆ ಚೆನ್ನಾಗಿರುತ್ತದೆ ಎಂದು ತಾತ ಮಾತ್ರ ಯಾವತ್ತೂ ಕೇಳಲಿಲ್ಲ. ನನಗೆ ಆರೇಳು ವರ್ಷವಿದ್ದಾಗ ಒಂದು ಸಲ ಅಪ್ಪ ಮಂಡಿಯಿಂದ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಅಜ್ಜಿ ಚೊಂಬು ಹಿಡಿದು ಮಳೆ ಕೇಳಿದಳು. ಅಪ್ಪ ಮಗುವಿನ ಹಾಗೆ ಅಳತೊಡಗಿದರು.

"ಕಾಮಾಲೆ ಆಗಿತ್ತಂತೆ ಕಣವ್ವ. ಮಂಡೀಲಿ ಯಾರೋ ಹೇಳಿದ್ರು. ನಾನು ಹೋಗೋ ಹೊತ್ಗೆ ಮಣ್ಣೂ ಆಗೋಗಿತ್ತು."

ಅಜ್ಜಿ ಚೊಂಬನ್ನು ಕೆಳಗಿಟ್ಟು ಬಚ್ಚಲ ಕಡೆ ನಡೆದಳು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ತಲೆಗೆ ನೀರು ಹಾಕಿಕೊಳ್ಳಬೇಕು, ಒಲೆ ಆರಿಸಬೇಕು. ಹಾಗೆ ಮಾಡಿದ ಮೇಲೆಯೇ ನಮ್ಮಲ್ಲಿ ಅಳುವುದಕ್ಕೆ ದಾರಿ. ಜಗಲಿಯಿಂದ ತಾತನ ದನಿ ಬಂತು.

"ಯಾರಿಗೇ ನೀರು? ಅವಳಿಗೆ ಅವತ್ತೇ ಹಾಕ್ಕೊಂಡಾಯ್ತು. ಒಬ್ಬರಿಗೆ ಎರಡು ಸಲ ಸೂತಕ ಇಲ್ಲ. ಹೋಗಿ ಒಲೆ ನೋಡು."

ಅಜ್ಜಿ ಹೋಗಿ ಒಲೆ ನೋಡಿದಳು. ಅವಳೇಕೆ ಆವತ್ತು ಎದುರು ನಿಲ್ಲಲಿಲ್ಲ ಎಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಬದುಕಿರುವ ಮಗಳಿಗಾಗಿ ಹಟ ಹಿಡಿಯಲು ಇದ್ದ ಕಸುವು ಮಗಳ ಜೊತೆಗೇ ಹೋಯಿತೆಂದು ಕಾಣುತ್ತದೆ. ಆ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಅಜ್ಜಿ ಎಲ್ಲರಿಗೂ ಬಡಿಸಿದಳು, ಎಲ್ಲರೂ ಉಂಡೆವು. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಅದಕ್ಕಿಂತ ಕೆಟ್ಟ ಊಟವನ್ನು ನಾನು ಈ ಜನ್ಮದಲ್ಲಿ ಮಾಡಿಲ್ಲ. ಆಮೇಲೆ ಅಪ್ಪ ಮಂಡಿಯಿಂದ ಬಂದರೆ ಅಜ್ಜಿ ನೀರು ಕೊಡುತ್ತಿದ್ದಳು, ಮಳೆ ಕೇಳುತ್ತಿರಲಿಲ್ಲ.

ಇದೆಲ್ಲ ಟಿ.ವಿ. ಬರುವುದಕ್ಕೆ ಮೊದಲಿನ ಮಾತು. ಟಿ.ವಿ. ಬಂದ ಮೇಲೆ ವಾರಕ್ಕೊಂದು ಸಂಜೆ ಒಂದು ಧಾರಾವಾಹಿ ಬರುತ್ತಿತ್ತು. ಕೇರಿಯ ಹೆಂಗಸರೆಲ್ಲ ದನಕ್ಕೆ ಹುಲ್ಲು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಮ್ಮ ನಡುಮನೆಗೆ ಬಂದು ತುಂಬಿಕೊಳ್ಳುತ್ತಿದ್ದರು. ಅದರಲ್ಲಿ ವಿನುತ ಎಂಬ ಹುಡುಗಿ, ಪಟ್ಟಣದ ವಕೀಲರ ಮಗಳು. ಸಂಗೀತದ ಮೇಷ್ಟರೊಬ್ಬನನ್ನು ಕಟ್ಟಿಕೊಂಡು ಮನೆ ಬಿಟ್ಟಳು. ಅವಳ ಅಪ್ಪ ಬಾಗಿಲು ಹಾಕಿದ. ಅಜ್ಜಿಯ ಬಾಯಲ್ಲಿ ಅವಳು ಇನುತ. ಮೊದಮೊದಲು ಮೊರ ಆಡಿಸುತ್ತಲೇ ನೋಡುತ್ತಿದ್ದ ಅಜ್ಜಿ ಕ್ರಮೇಣ ಮೊರವನ್ನು ಪಕ್ಕಕ್ಕಿಟ್ಟಳು. ವಿನುತ ಹೊಸ ಮನೆಯಲ್ಲಿ ಅನ್ನಕ್ಕೆ ಇಟ್ಟರೆ, "ನೀರು ಜಾಸ್ತಿ ಆಯ್ತು ಕಣೇ, ಮುದ್ದೆಯಾಗ್ತದೆ" ಎಂದು ಬುದ್ಧಿ ಹೇಳುತ್ತಿದ್ದಳು. ಮುಂದೆ ವಿನುತ ಹಾಸಿಗೆ ಹಿಡಿದಳು. ಟಿ.ವಿ.ಯಲ್ಲಿ ಕಾಯಿಲೆಗೆ ಹೆಸರಿರುವುದಿಲ್ಲ, ಕೆಮ್ಮು ಮಾತ್ರ ಇರುತ್ತದೆ. ಅವಳು ಕೆಮ್ಮಿದಾಗಲೆಲ್ಲ ಅಜ್ಜಿ ಚಡಪಡಿಸುತ್ತಿದ್ದಳು.

"ನೆಲನೆಲ್ಲಿ ಅರೆದು ಮಜ್ಜಿಗೇಲಿ ಕುಡಿಸ್ರೋ ಯಾರಾದ್ರೂ. ಬೆಳ್‌ಬೆಳಗ್ಗೆ ಬರೀ ಹೊಟ್ಟೇಲಿ."

"ಅದು ಕಾಮಾಲೆಗಲ್ವೇನಕ್ಕ?" ಅಂದಳು ಗಂಗಮ್ಮ. "ಇವಳಿಗೆ ಬರೀ ಕೆಮ್ಮು."

ಗಂಗಮ್ಮ ನಾಲಗೆ ಕಚ್ಚಿಕೊಂಡು ಪರದೆಯ ಕಡೆ ತಿರುಗಿದಳು. ತಾತ ಒಂದು ದಿನವೂ ಒಳಗೆ ಬಂದು ಧಾರಾವಾಹಿ ನೋಡಿದವರಲ್ಲ. ಆದರೆ ಆ ಒಂದು ಸಂಜೆ ಅವರು ಹಳೇಬೀಡಿನ ಸರ್ಕಲ್ಲಿಗೂ ಹೋಗುತ್ತಿರಲಿಲ್ಲ. ಜಗಲಿಯ ಮೇಲೆ ಅವರ ಬೆನ್ನು ಕಿಟಕಿಯ ಸರಳಿಗೆ ಇನ್ನಷ್ಟು ಒತ್ತಿಕೊಂಡಿರುತ್ತಿತ್ತು.

ಒಂದು ಸಂಜೆಯ ಕಂತು ಮೊದಲಿಂದ ಕೊನೆವರೆಗೆ ವಿನುತಳದೇ. ಅವಳು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಬಾಗಿಲನ್ನೇ ನೋಡುತ್ತಾಳೆ. ಯಾರೋ ಬಂದಂತಾದರೆ ಕತ್ತು ಎತ್ತುತ್ತಾಳೆ, ದಾದಿ ಎಂದು ತಿಳಿದು ಮತ್ತೆ ದಿಂಬಿಗೆ ಒರಗುತ್ತಾಳೆ. ಅತ್ತ ಮನೆಯಲ್ಲಿ ಅವಳ ಅಪ್ಪ ಕೋಟು ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಹೊರಡುತ್ತಾನೆ. ಆಸ್ಪತ್ರೆಯ ಗೇಟಿನವರೆಗೆ ಬರುತ್ತಾನೆ. "ಬಾರಯ್ಯ, ಇನ್ನೇನು ಮೆಟ್ಲು ಹತ್ತು" ಎಂದು ಗಂಗಮ್ಮ ಕೈ ಮುಗಿದೇಬಿಟ್ಟಳು. ಅವನು ಗೇಟಿನಲ್ಲೇ ನಿಂತು, ತಿರುಗಿ, ಹೊರಟುಹೋದ. ವಿನುತಳ ಕತ್ತು ಬಾಗಿಲ ಕಡೆಗೇ ವಾಲಿತು. ಅದರ ಹಿಂದೆಯೇ ಸೋಪಿನ ಜಾಹೀರಾತು ಬಂತು. ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. ಅಜ್ಜಿ ಅಳಲಿಲ್ಲ. ಗೋಡೆ ಹಿಡಿದು ಎದ್ದು ಹಿತ್ತಿಲಿಗೆ ಹೋದಳು. ತೊಟ್ಟಿಯಲ್ಲಿ ಚೊಂಬು ಅದ್ದುವ ಸದ್ದು, ನೀರು ಸುರಿಯುವ ಸದ್ದು ಮತ್ತೆ ಮತ್ತೆ ಕೇಳಿತು. ಉಟ್ಟ ಸೀರೆಯಲ್ಲೇ ತೊಯ್ದು, ಬಿಚ್ಚಿದ ತಲೆಯಿಂದ ನೀರು ಸೋರಿಸುತ್ತ ನಡುಮನೆಗೆ ಬಂದು ನಿಂತಳು.

"ಒಲೆ ಆರ್ಸು ಕಣೇ," ಅಂದಳು ಅಮ್ಮನಿಗೆ. "ಮನೇಲಿ ಸಾವಾಗೈತೆ."

"ಯಾರು ಅತ್ತೆ?"

"ಇನುತ."

ಯಾರೋ ಕಿಸಕ್ಕೆಂದರು. ಮತ್ತೊಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಪ್ಪನಿಗೆ ನಾಚಿಕೆಯಾಯಿತು.

"ಅವ್ವ, ಅದು ನಾಟಕ ಕಣವ್ವ. ಆ ಹುಡುಗಿ ಇಷ್ಟೊತ್ಗೆ ಬಣ್ಣ ತೊಳ್ಕೊಂಡು ಬೆಂಗಳೂರಲ್ಲಿ ಊಟ ಮಾಡ್ತಾ ಇರ್ತಾಳೆ."

"ಮಾಡ್ಲಿ. ಅವಳ ಹೊಟ್ಟೆ ತಣ್ಣಗಿರ್ಲಿ. ನಾನು ನೀರು ಹಾಕ್ಕೊಂಡಿರೋದು ಸತ್ತೋಳಿಗೆ."

ಅಷ್ಟರಲ್ಲಿ ತಾತ ಬಾಗಿಲಿಗೆ ಬಂದಿದ್ದರು.

"ಯಾವಳೋ ಬಣ್ಣ ಬಳ್ಕೊಂಡೋಳು ಸತ್ತಂಗೆ ಮಲಗಿದ್ರೆ ನನ್ನ ಮನೇಲಿ ಸೂತಕವೇನೇ? ಊರೋರು ನಗ್ತಾರೆ."

"ಬದುಕಿದ್ದೋಳಿಗೆ ನೀವು ನೀರು ಹಾಕ್ಕೊಂಡ್ರಿ. ಆಗ ಊರೋರು ನಗ್ಲಿಲ್ಲ. ಈಗ ಇಲ್ದೇ ಇರೋಳಿಗೆ ನಾನು ಹಾಕ್ಕೊಂಡ್ರೆ ನಗ್ಲಿ ಬಿಡಿ."

ತಾತ ಕೋಲೂರಿಕೊಂಡು ಜಗಲಿಗೆ ಹೋದರು. ಕಿಸಕ್ಕೆಂದವರು ಮೆಲ್ಲಗೆ ಎದ್ದು ಮನೆಯ ದಾರಿ ಹಿಡಿದರು. ಅಡುಗೆಮನೆಯಿಂದ ಚುಯ್ ಎಂಬ ಸದ್ದು ಬಂತು. ಅಮ್ಮ ಉರಿಯುವ ಕೊಳ್ಳಿಗಳ ಮೇಲೆ ನೀರು ಹುಯ್ದಿದ್ದಳು. ಆಮೇಲೆ ಅವಳೂ ಹಿತ್ತಿಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಅವಳು ಸರೋಜತ್ತೆಯ ಮುಖವನ್ನೇ ನೋಡಿದವಳಲ್ಲ. ಅಮ್ಮನನ್ನು ನಾನು ಆಗ ಪ್ರೀತಿಸಿದಷ್ಟು ಯಾವತ್ತೂ ಪ್ರೀತಿಸಿರಲಾರೆ.

ಮರುದಿನ ಊರಲ್ಲಿ ಇದೇ ನಗೆಪಾಟಲು. ಸ್ಕೂಲಿನಲ್ಲಿ ಹುಡುಗರು, "ನಿಮ್ಮ ಮನೇಲಿ ಟಿ.ವಿ. ಸತ್ತೋಯ್ತಂತೆ, ಹೂತ್ರಾ, ಸುಟ್ರಾ?" ಎಂದು ಕೇಳಿದರು. ನಾನು ಒಬ್ಬನ ಸ್ಲೇಟು ಒಡೆದು ಬಂದೆ. ಮನೆಗೆ ಬಂದರೆ ಗಂಗಮ್ಮ ಅನ್ನದ ಪಾತ್ರೆ, ಸಾರಿನ ಪಾತ್ರೆ ಎರಡಕ್ಕೂ ತಟ್ಟೆ ಮುಚ್ಚಿ ನಮ್ಮ ಬಾಗಿಲಿಗೆ ತಂದಿಡುತ್ತಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಊಟ ಕೊಡಬೇಕು. ಸಾವಿನ ಮನೆಯಿಂದ ಹೊರಡುವವರು ಬತ್ತೀನಿ ಎಂದೂ ಹೇಳಬಾರದು. ದಿನಕ್ಕೆ ಎಷ್ಟು ಸಲ ಬಂದರೂ ಬೀದಿಗೆ ಕೇಳುವ ಹಾಗೆ "ಬತ್ತೀನಿ ಕಣಕ್ಕ" ಎಂದು ಕೂಗಿ ಹೋಗುವ ಗಂಗಮ್ಮ ಅಂದು ಪಾತ್ರೆ ಇಟ್ಟು, ಒಂದು ಮಾತೂ ಆಡದೆ, ತಲೆ ತಗ್ಗಿಸಿ ಹೊರಟುಹೋದಳು.

ಇಂಥ ಮನೆಯಲ್ಲಿ ಸೂತಕ ಎಂಬಷ್ಟು ಮಾತು ಬಸ್ಸು ಹತ್ತಿ ಗೆಂಡೆಹಳ್ಳಿಗೂ ಮುಟ್ಟಿತು. ಅಜ್ಜಿಯ ತಮ್ಮ ಅಲ್ಲಿಂದ ಎದ್ದುಬಿದ್ದು ಬಂದರು. ಭಾವನೇ ಹೋದರೆಂದು ದಾರಿಯುದ್ದಕ್ಕೂ ಅಳುತ್ತ ಬಂದವರು ಆ ಭಾವ ಜಗಲಿಯ ಮೇಲೆ ಕೋಲು ಹಿಡಿದು ಕೂತಿರುವುದನ್ನು ಕಂಡು ಅಂಗಳದಲ್ಲೇ ನಿಂತುಬಿಟ್ಟರು.

"ನಾನು ಇದ್ದೀನಿ ಕಣಯ್ಯ," ಅಂದರು ತಾತ. "ಒಳಗೋಗು."

ಒಳಗೆ ಅಜ್ಜಿ ತಣ್ಣಗೆ ಹೇಳಿದಳು. "ಟಿ.ವಿ. ಹುಡುಗಿ ಕಣಪ್ಪ. ಇನುತ ಅಂತ. ಭಾಳ ಒಳ್ಳೇದು. ಅಪ್ಪ ಬತ್ತಾನೆ ಬತ್ತಾನೆ ಅಂತ ಕಾದು ಕಾದು ಹೋಯ್ತು."

ಅವಳ ತಮ್ಮ ತಲೆಗೆ ಸುತ್ತಿದ ಟವೆಲು ತೆಗೆದು ಮುಖಕ್ಕೆ ಒತ್ತಿಕೊಂಡು, ಅವಳ ಪಕ್ಕದಲ್ಲೇ ನೆಲದ ಮೇಲೆ ಕುಸಿದರು.

"ಕಾಮಾಲೆ ಅಂತ ಆಗ್ಲೇ ನಂಗೊಂದು ಮಾತು ತಿಳಿಸ್ಬಾರ್ದಿತ್ತೇನಕ್ಕ. ನಾನಾದ್ರೂ ಹೋಗಿ ನೋಡ್ತಿದ್ನಲ್ಲ."

ಮೂರನೆಯ ದಿನ ಸತ್ತವರ ಗುಂಡಿಯ ಮೇಲೆ ಹಾಲು ತುಪ್ಪ ಬಿಡುವುದು ನಮ್ಮಲ್ಲಿನ ಪದ್ಧತಿ. ಸರೋಜತ್ತೆಯನ್ನು ಮಣ್ಣು ಮಾಡಿದ ಜಾಗವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ವಿನುತಳಿಗಂತೂ ಮಣ್ಣೇ ಇರಲಿಲ್ಲ. ಅಜ್ಜಿ ಬೆಳಿಗ್ಗೆ ಎದ್ದು ಒಂದು ಗಿಂಡಿಯಲ್ಲಿ ಹಾಲು, ಇನ್ನೊಂದರಲ್ಲಿ ತುಪ್ಪ ತೆಗೆದುಕೊಂಡು ಕೆರೆಯ ಕಡೆ ನಡೆದಳು. ಅಮ್ಮನೂ ನಾನೂ ಹಿಂದೆ ಹೋದೆವು. ನೀರಿಗೆ ಇಳಿಯುವಲ್ಲಿ ಒಂದು ಚಪ್ಪಟೆ ಕಲ್ಲು, ಹೆಂಗಸರು ಬಟ್ಟೆ ಒಗೆಯುವುದು. ಮದುವೆಯ ಸುದ್ದಿ ಬಂದ ದಿನ ತಾತ ಅದರ ಮೇಲೆ ಅಂಗಿ ಬಿಚ್ಚಿಟ್ಟು ಮುಳುಗಿದ್ದರು. ಅಲ್ಲಿ ಬಟ್ಟೆ ಕುಕ್ಕುತ್ತಿದ್ದವಳು ನಮ್ಮನ್ನು ನೋಡಿ ತನ್ನ ಗಂಟನ್ನು ಎತ್ತಿಕೊಂಡು ದೂರದ ಕಲ್ಲಿಗೆ ಹೋದಳು.

"ನನ್ನ ಮಗಳನ್ನ ಬಿಟ್ಟು ಬಂದ ಜಾಗ ಇದೇ ಅಲ್ವೇ," ಅಂದಳು ಅಜ್ಜಿ. "ಇದಲ್ದೆ ಇನ್ಯಾವುದೈತೆ ಅವಳಿಗೆ."

ಸೋಪಿನ ನೊರೆ ಇನ್ನೂ ಆರದ ಆ ಕಲ್ಲಿನ ಮೇಲೆ ಹಾಲು ಬಿಟ್ಟಳು, ತುಪ್ಪ ಬಿಟ್ಟಳು. ಆಮೇಲೆ ಕೂತು ಎದೆ ಬಡಿದುಕೊಂಡು ಅಳತೊಡಗಿದಳು. ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಹೆಸರು ಅವಳ ಬಾಯಲ್ಲಿ ನಾನು ಪೂರ್ತಿಯಾಗಿ ಕೇಳಿದ್ದು ಆವತ್ತೇ.

"ಸರೋಜಾ... ಹಿತ್ಲ ಬಾಗ್ಲ ಚಿಲ್ಕ ತೆಗ್ದಿಟ್ಟಿದ್ನಲ್ಲೇ ಮಗಳೇ... ದಿನಾ ತೆಗ್ದಿಟ್ಟಿದ್ನಲ್ಲೇ... ಒಂದು ದಿನಾನಾದ್ರೂ ಬರ್ಬಾರ್ದಿತ್ತೇನೇ..."

ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು. ನಮ್ಮ ಹಿತ್ತಿಲ ಬಾಗಿಲಿಗೆ ಯಾಕೆ ಯಾವತ್ತೂ ಚಿಲಕ ಹಾಕುತ್ತಿರಲಿಲ್ಲ, ನಾಯಿ ನುಗ್ಗಿ ಹಾಲು ಕುಡಿದರೂ ಅಜ್ಜಿ ಯಾಕೆ ಸುಮ್ಮನಿರುತ್ತಿದ್ದಳು ಎಂಬುದು ನನಗೆ ಆಗ ತಿಳಿಯಿತು. ಬಿಸಿಲು ಏರಿದ ಮೇಲೆ ಮೂವರೂ ಮನೆಗೆ ಬಂದೆವು. ಗಂಗಮ್ಮ ಕೊಟ್ಟ ಅನ್ನವನ್ನು ಅಜ್ಜಿ ಹೊಟ್ಟೆ ತುಂಬ ಉಂಡಳು. ತಾತ ಕೊನೆಗೂ ಕರಗಿ ತಲೆಗೆ ನೀರು ಹಾಕಿಕೊಂಡರು ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಅವರು ಹಾಕಿಕೊಳ್ಳಲಿಲ್ಲ. ನಾನು ಅವರನ್ನು ಬಹಳ ವರ್ಷ ಕ್ಷಮಿಸಲಿಲ್ಲ.

ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ; ಅವರವರಿಗೆ ಇಷ್ಟವಾದದ್ದೆಲ್ಲ ಅದರ ಮೇಲೆ. ಮುತ್ತಾತನಿಗೆ ಬೀಡಿ ಕಟ್ಟು, ಮುತ್ತಜ್ಜಿಗೆ ನಶ್ಯ. ಬಡಿಸಿ ಮುಗಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ನಿಲ್ಲಬೇಕು. ಹೋದವರು ಆಗ ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮನೆಯ ಹಿರಿಯ ಕೆಮ್ಮಿ, ಬಾಗಿಲು ತೆಗೆಯಬೇಕು. ಆ ವರ್ಷ ಅಜ್ಜಿ ಸಾಲಿನ ಕೊನೆಗೆ ಒಂದು ಎಲೆ ಜಾಸ್ತಿ ಹಾಸಿ, ನಮಗೆಲ್ಲ ಬೆನ್ನು ಮಾಡಿ ಕೂತು, ತಾನೊಬ್ಬಳೇ ಅದಕ್ಕೆ ಬಡಿಸಿದಳು. ತಾತ ಕೋಲಿನಿಂದ ತೋರಿಸಿ, "ಇದು ಯಾರ್ದು?" ಎಂದರು. "ಟಿ.ವಿ. ಹುಡುಗೀದು" ಎಂದಳು ಅಜ್ಜಿ. ತಾತ ಹೂಂ ಎಂದು ಬಾಗಿಲು ಎಳೆದರು. ಅಲ್ಲಿಂದ ಪ್ರತಿ ವರ್ಷವೂ ಆ ಎಲೆ ಇರುತ್ತಿತ್ತು. ಆ ಎಲೆಯ ಹತ್ತಿರ ಅಜ್ಜಿ ಅಮ್ಮನನ್ನೂ ಸೇರಿಸುತ್ತಿರಲಿಲ್ಲ. ಧಾರಾವಾಹಿ ಮುಗಿಯಿತು. ಬೇರೆ ಎಷ್ಟೋ ಬಂದು ಹೋದವು. ವಿನುತ ಯಾರೆಂಬುದು ಊರಿಗೆ ಮರೆತೇಹೋಯಿತು.

ನಾನು ಹಾಸನದಲ್ಲಿ ಓದುತ್ತಿದ್ದಾಗ ಅಜ್ಜಿ ತೀರಿಕೊಂಡಳು. ಆ ವರ್ಷ ಪಿತೃಪಕ್ಷಕ್ಕೆ ಊರಿಗೆ ಹೋಗಿದ್ದೆ. ಅಮ್ಮ ಅಜ್ಜಿಗೆ ಎಲೆ ಹಾಕಿದಳು. ಪಕ್ಕದಲ್ಲಿ ಹೊಸ ಸೀರೆ, ವೀಳ್ಯದೆಲೆ. ಆಮೇಲೆ ಅರೆಗಳಿಗೆ ನಿಂತು, ಯಾರನ್ನೂ ಕೇಳದೆ, ಅದರ ಮಗ್ಗುಲಿಗೆ ಇನ್ನೊಂದು ಎಲೆ ಹಾಸಿದಳು. ತಾತ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರಿಗೆ ಆಗ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಅಮ್ಮ ಎಲ್ಲ ಎಲೆಗೂ ಒಬ್ಬಟ್ಟು ಬಡಿಸಿ, ಅದರ ಮೇಲೆ ಹಾಲು ಹುಯ್ಯುತ್ತ ಬಂದು ಕೊನೆಯ ಎಲೆಗೆ ಚೊಂಬು ಬಗ್ಗಿಸಿದಳು.

"ಆ ಟಿ.ವಿ. ಹುಡುಗಿಗೆ ಹಾಲು ಹುಯ್ಬೇಡಮ್ಮ," ಅಂದರು ತಾತ. "ಹಾಲು ಹಾಕಿದ್ರೆ ಅವಳು ಒಬ್ಬಟ್ಟು ಮುಟ್ಟಲ್ಲ. ತುಪ್ಪ ಹಾಕು."

ಆ ಧಾರಾವಾಹಿಯನ್ನು ನಾವೆಲ್ಲ ಮೊದಲಿಂದ ಕೊನೆವರೆಗೆ ನೋಡಿದ್ದೆವು. ಅದರಲ್ಲಿ ವಿನುತ ಒಬ್ಬಟ್ಟು ತಿಂದದ್ದನ್ನು ಯಾರೂ ಕಂಡಿರಲಿಲ್ಲ. ಅಪ್ಪ ಕಂಬದ ಕಡೆ ಮುಖ ತಿರುಗಿಸಿಕೊಂಡರು. ಅಮ್ಮ ಹಾಲಿನ ಚೊಂಬನ್ನು ಕೆಳಗಿಟ್ಟು, ಒಳಗಿನಿಂದ ತುಪ್ಪ ತಂದು ಬಡಿಸಿದಳು. ಎಲ್ಲರೂ ಹೊರಗೆ ಬಂದೆವು. ತಾತ ಬಾಗಿಲು ಮುಂದೆ ಮಾಡಿ, ಅದರ ಮೇಲೆ ಅಂಗೈ ಊರಿ ನಿಂತರು. ಪ್ರತಿ ವರ್ಷ ಕೆಮ್ಮುತ್ತಿದ್ದ ಹೊತ್ತು ಕಳೆಯಿತು. ಕೆಮ್ಮಲಿಲ್ಲ. ಒಳಗೆ ಅನ್ನ ಆರುತ್ತಿತ್ತು. ಕೊನೆಗೆ ಅಪ್ಪನೇ ಮೆಲ್ಲಗೆ ಕೇಳಿದರು.

"ಬಾಗ್ಲು ತೆಗೀಬೋದಾ, ಅಪ್ಪಯ್ಯ?"

"ಇನ್ನೊಂಚೂರು ತಡೀಲಾ," ಅಂದರು ತಾತ. "ಅವಳು ಉಣ್ಣೋದು ನಿಧಾನ."